ಗೋಡೆಯಿಲ್ಲದ ಒಂಬತ್ತು ತರಗತಿಗಳು

ಮೂರನೇ ಅವಧಿಯಲ್ಲಿ ಬಾಯಿ ಬಿಡಬಾರದು ಎಂದು ಹೇಳಿಸಿಕೊಂಡವನಿಗೆ ಬೆಳಿಗ್ಗೆ ಎದ್ದಾಗಿನಿಂದ ಗಂಟಲು ಕೆರೆಯುತ್ತಿತ್ತು. ಕನ್ನಡಿಯ ಮುಂದೆ ನಿಂತು ಎರಡು ಸಲ ಕೆಮ್ಮಿದ. ಇಪ್ಪತ್ತಾರು ವರ್ಷ ಗಣಿತ ಹೇಳಿಕೊಟ್ಟ ಗಂಟಲು; ಶಾಲೆಯ ಗೇಟಿನಲ್ಲಿ ನಿಂತ ಕಾವಲುಗಾರನಿಗೂ ವರ್ಗಸಮೀಕರಣದ ಸೂತ್ರ ಬಾಯಿಪಾಠ ಮಾಡಿಸಿದ ಗಂಟಲು. ಮಕ್ಕಳು ಬೆನ್ನ ಹಿಂದೆ ‘ಮೈಕ್ ಸಾರ್’ ಅನ್ನುತ್ತಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನ ಹಾಗೆ ನಟಿಸಿ ಒಳಗೊಳಗೇ ಹಿಗ್ಗುತ್ತಿದ್ದ. ಅಂಥವನಿಗೆ ನಿನ್ನೆ ಸಂಜೆ ಹೊಲಿಗೆ ಮೇಡಂ, ಕುಪ್ಪಸದ ತೋಳಿನ ಅಳತೆ ಹೇಳುವಷ್ಟೇ ಸಲೀಸಾಗಿ, “ನಾಳೆ ಮೂರನೇ ಪೀರಿಯಡ್ ನೀವು ಮಾತಾಡೋ ಹಾಗಿಲ್ಲ ಸರ್. ನಲವತ್ತು ನಿಮಿಷ. ಬೋರ್ಡ್ ಮೇಲೆ ಬರೆದೇ ಪಾಠ ಮಾಡ್ಬೇಕು” ಎಂದಿದ್ದರು. ಸಿಟ್ಟು ಮಾಡಿಕೊಳ್ಳುವುದೋ ಬೇಡವೋ ಎಂದು ಅವನು ತೀರ್ಮಾನಿಸುವಷ್ಟರಲ್ಲಿ ಅವರು ಸೂಜಿಗೆ ದಾರ ಪೋಣಿಸಿಕೊಂಡು ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದರು.

“ಬಚ್ಚಲಲ್ಲಿ ಯಾರ ಹತ್ರ ಜಗಳ ಆಡ್ತಿದೀರಿ?” ಹೆಂಡತಿ ಅಡುಗೆಮನೆಯಿಂದ ಕೇಳಿದಳು.

“ಯಾರ ಹತ್ರಾನೂ ಇಲ್ಲ. ಗಂಟಲು ಸರಿಮಾಡ್ಕೋತಿದೀನಿ.”

“ಮಾತೇ ಆಡಬಾರದು ಅಂದ ದಿನ ಗಂಟಲು ಸರಿಮಾಡ್ಕೊಂಡು ಏನು ಮಾಡ್ತೀರಿ? ಆ ಮೇಡಂಗೆ ನನ್ನ ಕಡೆಯಿಂದ ಒಂದು ದೊಡ್ಡ ನಮಸ್ಕಾರ ಹೇಳಿ. ಮನೆಗೂ ಅಂಥದ್ದೊಂದು ಟೈಮ್‌ಟೇಬಲ್ ಹಾಕಿಕೊಡ್ತಾರಾ ಅಂತ ಕೇಳಿ.”

ಅವನು ನಗಲಿಲ್ಲ. ಇವತ್ತು ಇಲಾಖೆಯ ಅಧಿಕಾರಿ ಬರುತ್ತಾರೆ, ಶಾಲೆ ಒಂದಾಗಿ ಉಳಿಯುತ್ತದೋ ಏಳು ಚೂರಾಗುತ್ತದೋ ಎಂಬುದು ಇವತ್ತೇ ತೀರ್ಮಾನವಾಗುತ್ತದೆ ಎಂಬುದು ಅವಳಿಗೂ ಗೊತ್ತಿತ್ತು. ಅಧಿಕಾರಿಯ ಚೀಲದಲ್ಲಿ ಇರುವ ಪಟ್ಟಿ ತನ್ನದೇ ಎಂಬುದನ್ನು ಮಾತ್ರ ಅವನು ಹೇಳಿರಲಿಲ್ಲ. ಹೇಳಬಹುದಿತ್ತು. ತಟ್ಟೆ ಮುಂದಿಟ್ಟುಕೊಂಡಾಗ ಬಾಯಿತನಕ ಬಂತು ಕೂಡ. ಆದರೆ ಹೇಳಿದರೆ ಅವಳು ‘ಎಂಥಾ ಪಟ್ಟಿ?’ ಎನ್ನುತ್ತಾಳೆ, ಆಗ ತಾನು ಅದನ್ನು ವಿವರಿಸಬೇಕು, ವಿವರಿಸುವಾಗ ತನ್ನ ದನಿಯಲ್ಲಿ ಹೆಮ್ಮೆ ಇಣುಕುತ್ತದೆ ಎಂದು ಹೆದರಿ ಸುಮ್ಮನೆ ಎದ್ದ.

ಹಳೆಯ ಶಾಲೆಯ ರಸ್ತೆ ಬಿಟ್ಟು ಗೋದಾಮಿನ ರಸ್ತೆ ಹಿಡಿಯುವುದು ಕಾಲಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ. ತಿರುವಿನಲ್ಲಿ ಇವತ್ತೂ ನಾಲ್ಕು ಹೆಜ್ಜೆ ಎಡಕ್ಕೆ ಹೋಗಿ, ಯಾರಾದರೂ ನೋಡಿದರೇನೋ ಎಂದು ಚಪ್ಪಲಿ ಸರಿಮಾಡಿಕೊಳ್ಳುವವನಂತೆ ಬಗ್ಗಿ, ಹಿಂದಕ್ಕೆ ಬಂದ. ಆರು ವಾರದ ಹಿಂದೆ, ಒಂದು ರಜೆಯ ಬೆಳಿಗ್ಗೆ, ಶಾಲೆಯ ಹಿಂಬದಿಯ ಸಾಲು ನೆಲಕ್ಕೆ ಕೂತಿತ್ತು. ಬಿದ್ದದ್ದಲ್ಲ, ಸುಸ್ತಾದವರು ಕೂರುವ ಹಾಗೆ ಸೊಂಟದ ತನಕ ಇಳಿದು ನಿಂತಿತ್ತು. ಒಳಗೆ ಯಾರೂ ಇರಲಿಲ್ಲ. ಇಂಜಿನಿಯರುಗಳು ಬಂದು ಗೋಡೆಗಳನ್ನು ತಟ್ಟಿ ನೋಡಿದರು, ಅಡಿಯ ಮಣ್ಣೇ ಸರಿದಿದೆ, ಮುಂದಿನ ಸಾಲೂ ಇವತ್ತೋ ನಾಳೆಯೋ ಅಂದರು. ಹತ್ತು ದಿನದಲ್ಲಿ ಯಂತ್ರ ತಂದು ಎಲ್ಲವನ್ನೂ ಕೆಡವಿದರು. ಊರೆಲ್ಲ ರಸ್ತೆಯ ಆಚೆ ಬದಿ ನಿಂತು ನೋಡಿತು. ಹೆಡ್ ಮೇಡಂ ಅಳುತ್ತಿದ್ದರು, ಹತ್ತನೇ ತರಗತಿಯ ಹುಡುಗಿಯರು ಅವರನ್ನು ಹಿಡಿದುಕೊಂಡು ತಾವೂ ಅಳುತ್ತಿದ್ದರು. ಅವನಿಗೆ ಅಳು ಬರಲಿಲ್ಲ. ತಲೆ ಭಾಗಾಕಾರ ಮಾಡುತ್ತಿತ್ತು. ಒಂಬತ್ತು ತರಗತಿ, ತರಗತಿಗೆ ನಲವತ್ತೆರಡು, ಒಟ್ಟು ಮುನ್ನೂರ ಎಪ್ಪತ್ತೆಂಟು. ಮಕ್ಕಳನ್ನು ಸೇರಿಸಿಕೊಳ್ಳುತ್ತೇವೆ ಎಂದ ಶಾಲೆಗಳು ಏಳು. ಮುನ್ನೂರ ಎಪ್ಪತ್ತೆಂಟನ್ನು ಏಳರಿಂದ ಭಾಗಿಸಿದರೆ ಐವತ್ತನಾಲ್ಕು, ಶೇಷ ಸೊನ್ನೆ. ಗೋಡೆ ಉರುಳುವ ಧೂಳಿನ ನಡುವೆ ಆ ಸೊನ್ನೆಯನ್ನು ಕಂಡು ಅವನಿಗೆ ನಿಜವಾಗಿ ಸಂತೋಷವಾಗಿತ್ತು. ಈಗ ಆ ಸಂತೋಷವನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಅವತ್ತು ಮಧ್ಯಾಹ್ನವೇ ಪಟ್ಟಿ ಮಾಡಿದ. ಹಾಜರಿ ಸಂಖ್ಯೆಯ ಪ್ರಕಾರ ಒಂದರಿಂದ ಐವತ್ತನಾಲ್ಕು ಮೊದಲ ಶಾಲೆಗೆ, ಐವತ್ತೈದರಿಂದ ನೂರೆಂಟು ಎರಡನೆಯದಕ್ಕೆ, ಹೀಗೆ. ಒಂದು ಗೀಟು ಓರೆಯಾಗಿರಲಿಲ್ಲ. ಹೆಡ್ ಮೇಡಂ ಮನೆಯ ಮುಂದಿನ ಕೋಣೆಯಲ್ಲಿ ಮೇಷ್ಟರುಗಳೆಲ್ಲ ಸೇರಿದಾಗ ಅದನ್ನು ಕೈಯಿಂದ ಕೈಗೆ ದಾಟಿಸಿದರು, ವಿಜ್ಞಾನದವರು ‘ಭಲೇ’ ಅಂದರು, ಒಂದು ಪ್ರತಿ ಆಗಲೇ ಇಲಾಖೆಗೂ ಹೋಗಿತ್ತು. ಕುರ್ಚಿ ಸಾಲದೆ ಬಾಗಿಲಿಗೆ ಒರಗಿ ನಿಂತಿದ್ದ ಹೊಲಿಗೆ ಮೇಡಂ ಕೈಗೆ ಅದು ಕೊನೆಯಲ್ಲಿ ಹೋಯಿತು. ಅವರು ಓದುವುದು ನಿಧಾನ. ಬೆರಳಿಟ್ಟುಕೊಂಡು ಒಂದೊಂದೇ ಹೆಸರು ಓದುತ್ತಾ ಒಂದು ಕಡೆ ನಿಂತರು.

“ಸರ್, ಇವರಿಬ್ಬರೂ ಅವಳಿ ಮಕ್ಕಳು. ಎಂಟನೇ ಬಿ.”

“ಇರಬಹುದು ಮೇಡಂ. ಐವತ್ನಾಲ್ಕಕ್ಕೆ ಒಂದು ಶಾಲೆ ಭರ್ತಿಯಾಗುತ್ತೆ. ಐವತ್ತೈದು ಮುಂದಿನ ಶಾಲೆಗೆ ಹೋಗಲೇಬೇಕು.”

“ಹೋಗಲೇಬೇಕು ಅಂತ ಯಾರು ಹೇಳಿದ್ದು?”

“ಲೆಕ್ಕ ಹೇಳುತ್ತೆ.”

“ಲೆಕ್ಕ ಹೇಳ್ತಿರೋದು ಐವತ್ನಾಲ್ಕು ಮುಗೀತು ಅಂತ ಅಷ್ಟೇ ಸರ್. ಅಕ್ಕ ತಂಗಿ ಒಬ್ಬಳು ಊರಿನ ಈ ತುದಿಗೆ, ಒಬ್ಬಳು ಆ ತುದಿಗೆ ಹೋಗ್ಲಿ ಅಂತ ಹೇಳ್ತಿರೋದು ನೀವು.”

ಇಷ್ಟು ವರ್ಷದಲ್ಲಿ ಆ ಹೆಂಗಸು ಮೀಟಿಂಗಿನಲ್ಲಿ ಬಾಯಿ ತೆರೆದದ್ದು ಅದೇ ಮೊದಲು ಇರಬೇಕು. ಅವನಿಗೆ ಮುಖದ ಮೇಲೆ ಹೊಡೆದಂತಾಗಿತ್ತು. ಅವರು ಪಟ್ಟಿಯನ್ನು ಮಡಿಸದೆ ವಾಪಸು ಕೊಟ್ಟು, ತಮ್ಮ ಬೀದಿಯ ಕೊನೆಯಲ್ಲಿ ಕಾಗದದ ಸುರುಳಿ ಇಡುತ್ತಿದ್ದ ದೊಡ್ಡ ಗೋದಾಮು ಖಾಲಿ ಬಿದ್ದಿದೆ, ಮಾಲೀಕರನ್ನು ಕೇಳಿದ್ದೇನೆ, ಮಕ್ಕಳಿಗೆ ಅಂದರೆ ಕೊಡುತ್ತಾರಂತೆ, ಎಲ್ಲರೂ ಒಟ್ಟಿಗೇ ಇರಬಹುದು ಎಂದರು. ಗೋಡೆಗಳಿಲ್ಲದ ಒಂದೇ ಹಜಾರದಲ್ಲಿ ಒಂಬತ್ತು ತರಗತಿ ಒಟ್ಟಿಗೆ ನಡೆದರೆ ಸಂತೆಯಾಗುತ್ತದಲ್ಲ ಎಂದು ಇತಿಹಾಸದವರು ನಕ್ಕರು. “ಆಗದ ಹಾಗೆ ಮಾಡಬಹುದು” ಎಂದರು ಹೊಲಿಗೆ ಮೇಡಂ. “ಯಾರು ಯಾವಾಗ ಜೋರು, ಯಾವಾಗ ಮೆಲ್ಲಗೆ ಅಂತ ನಂಗೆ ಗೊತ್ತು.”

ಅದು ಹೇಗೆ ಗೊತ್ತು ಎಂದು ಅವನು ಮನೆಗೆ ಹೋಗುವ ದಾರಿಯಲ್ಲೆಲ್ಲ ಯೋಚಿಸಿದ್ದ. ಯೋಚಿಸುವಂಥದ್ದೇನೂ ಇರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆಕೆಗೆ ಒಂದು ಕೋಣೆ ಸಿಕ್ಕಿರಲಿಲ್ಲ. ವೇಳಾಪಟ್ಟಿ ಹಾಕುವವನು ಅವನೇ. ಗಣಿತಕ್ಕೆ ಗಾಳಿ ಬೆಳಕಿನ ಕೋಣೆ, ವಿಜ್ಞಾನಕ್ಕೆ ನಲ್ಲಿ ಇರುವ ಕೋಣೆ, ಭಾಷೆಗಳಿಗೆ ಮಹಡಿ, ಎಲ್ಲ ಹಂಚಿ ಮುಗಿದ ಮೇಲೆ ಹೊಲಿಗೆ ಎಲ್ಲಾದರೂ ಸೇರಿಕೊಳ್ಳುತ್ತದೆ. ಮೆಟ್ಟಿಲ ಕೆಳಗೆ, ಕಾರಿಡಾರಿನ ಕೊನೆಯಲ್ಲಿ, ಸೈಕಲ್ ಸ್ಟ್ಯಾಂಡಿನ ಪಕ್ಕದ ಜಗಲಿಯಲ್ಲಿ. ಶನಿವಾರದ ಕೊನೆಯ ಅವಧಿ ಒಂದೇ ಒಂದು, ಅದೂ ಪರೀಕ್ಷೆ ಹತ್ತಿರ ಬಂದಾಗ ಅವನು ಹೋಗಿ “ಮೇಡಂ, ಇವತ್ತು ನಿಮ್ಮ ಪೀರಿಯಡ್ ನಂಗೆ ಬೇಕಿತ್ತು” ಎಂದರೆ “ತಗೊಳ್ಳಿ ಸರ್” ಎನ್ನುತ್ತಿದ್ದರು. ಪರೀಕ್ಷೆ ಯಾವಾಗಲೂ ಹತ್ತಿರವೇ ಇರುತ್ತಿತ್ತು. ಒಮ್ಮೆ ಟೀ ಲೋಟ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಮಕ್ಕಳು ಒಂದೊಂದು ಮೆಟ್ಟಿಲಲ್ಲಿ ಇಬ್ಬಿಬ್ಬರಂತೆ ಕೂತು ಗುಂಡಿ ಹೊಲಿಯುತ್ತಿದ್ದರು. “ದಾರಿ ಬಿಡ್ರೋ, ಇದೇನು ದರ್ಜಿ ಅಂಗಡಿನಾ?” ಎಂದಿದ್ದ. ಮಕ್ಕಳು ನಕ್ಕಿದ್ದರು. ಮೇಡಂ ಕೂಡ ನಕ್ಕ ಹಾಗಿತ್ತು, ಅಥವಾ ಹಲ್ಲಿನಲ್ಲಿ ದಾರ ಕಚ್ಚಿಕೊಂಡಿದ್ದರು. ಕೋಣೆಯ ಒಳಗೆ ಇದ್ದವರಿಗೆ ಅವರವರ ದನಿ ಮಾತ್ರ ಕೇಳುತ್ತಿತ್ತು. ಹೊರಗೆ ಕೂತವರಿಗೆ ಎಲ್ಲರದೂ ಕೇಳುತ್ತಿತ್ತು.

ಗೋದಾಮಿನ ಬಾಗಿಲಲ್ಲಿ ಹತ್ತನೇ ತರಗತಿಯ ಮಕ್ಕಳು ಚಪ್ಪಲಿಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಒಳಗೆ ಬರಿಗಾಲು, ಏಕೆಂದರೆ ಮುನ್ನೂರ ಎಪ್ಪತ್ತೆಂಟು ಜೋಡಿ ಚಪ್ಪಲಿ ಸಿಮೆಂಟು ನೆಲದ ಮೇಲೆ ಎಬ್ಬಿಸುವ ಸದ್ದು ಸಾಮಾನ್ಯದ್ದಲ್ಲ ಎಂದು ಹೊಲಿಗೆ ಮೇಡಂ ಮೊದಲ ದಿನವೇ ಹೇಳಿದ್ದರು. ಒಳಗೆ ಕಾಲಿಟ್ಟ ಕೂಡಲೇ ರಟ್ಟಿನ ವಾಸನೆ. ತಗಡಿನ ಸೂರು ಮೂರು ಆಳೆತ್ತರ. ಮೊದಲ ದಿನ ಅದರ ಕೆಳಗೆ ಒಬ್ಬ ಸೀನಿದ್ದಕ್ಕೆ ನಾಲ್ಕು ಸಲ ಕೇಳಿಸಿತ್ತು. ಆ ಪ್ರತಿಧ್ವನಿಯನ್ನು ತಿನ್ನಲು ಈಗ ಸೂರಿನಿಂದ ನೆಲದ ತನಕ ಬಟ್ಟೆ. ಪ್ರತಿ ಮಗುವೂ ಮನೆಯಿಂದ ಒಂದು ಹಳೆಯ ಬಟ್ಟೆ ತಂದಿತ್ತು, ಹೊದಿಕೆ, ಕಿಟಕಿಯ ಪರದೆ, ಅಜ್ಜಿಯ ಸೀರೆ, ಅಪ್ಪನ ಕೆಲಸದ ಅಂಗಿ. ಎರಡೆರಡು ಪದರ ಮಾಡಿ, ನಡುವೆ ಹರಕು ತುಂಬಿ, ಎರಡು ವಾರ ಕೂತು ಮಕ್ಕಳೇ ಕೈಯಲ್ಲಿ ಹೊಲಿದದ್ದು. ಗುಂಡಿ ಹಾಕಲು ಬಾರದು ಎಂದು ಅವನು ತಿಳಿದಿದ್ದ ದಾಂಡಿಗ ಹುಡುಗರು ಬಾಯಲ್ಲಿ ಸೂಜಿ ಹಿಡಿದು ಏಣಿ ಹತ್ತುತ್ತಿದ್ದರು. ಇವರಿಗೆ ಇದೆಲ್ಲ ಯಾವಾಗ ಬಂತು ಎಂದು ಅವನು ಬೆರಗಾಗಿದ್ದ. ತಾನು ಕಸಿದುಕೊಳ್ಳದೆ ಉಳಿದ ಶನಿವಾರಗಳಲ್ಲಿ ಬಂದಿರಬೇಕು.

ಹೊಲಿಗೆ ಮೇಡಂ ಹಾಕಿದ ವೇಳಾಪಟ್ಟಿಯೂ ಬಟ್ಟೆಯದೇ. ಒಂದು ಬಿಳಿ ಬೆಡ್‌ಶೀಟಿನ ಮೇಲೆ ದಿನಕ್ಕೊಂದು ಸಾಲು, ಅವಧಿಗೊಂದು ಚೌಕ, ಚೌಕದೊಳಗೆ ಗೋದಾಮಿನ ನಕ್ಷೆ, ಒಬ್ಬೊಬ್ಬ ಮೇಷ್ಟರಿಗೆ ಒಂದೊಂದು ಬಣ್ಣದ ದಾರ. ಜೋರಿಗೆ ಉದ್ದ ಹೊಲಿಗೆ, ಮೆಲ್ಲಗೆಗೆ ಗಿಡ್ಡ ಹೊಲಿಗೆ. ಅದನ್ನು ಮೊದಲು ಕಂಡಾಗ ಅವನಿಗೆ ನಗು ಬಂದಿತ್ತು. ಆಮೇಲೆ ಅವರು ಬೆರಳಿಟ್ಟು ತೋರಿಸುತ್ತಾ ಹೋದರು. “ವಿಜ್ಞಾನದವರು ಮೊದಲ ಹತ್ತು ನಿಮಿಷ ಜೋರು, ಆಮೇಲೆ ನೋಟ್ಸ್ ಬರೆಸ್ತಾರೆ, ಆಗ ಪಕ್ಕದಲ್ಲಿ ಯಾರು ಬೇಕಾದ್ರೂ ಮಾತಾಡಬಹುದು. ಇತಿಹಾಸದವರು ಯುದ್ಧ ಬಂದ್ರೆ ಜೋರು, ಒಪ್ಪಂದ ಬಂದ್ರೆ ಮೆಲ್ಲಗೆ. ಯಾವ ವಾರ ಯಾವ ಪಾಠ ಅಂತ ಕೇಳಿ ಬರ್ಕೊಂಡಿದೀನಿ. ಭಾಷೆಯ ಹೊಸ ಮಿಸ್ ಪದ್ಯ ಹೇಳೋವಾಗ ತುಂಬ ಚೆನ್ನಾಗಿ ಹೇಳ್ತಾರೆ, ಆದ್ರೆ ಯಾರಾದ್ರೂ ಕೇಳಿಸ್ಕೋತಿದಾರೆ ಅಂದ್ರೆ ದನಿ ಒಡೆಯುತ್ತೆ. ಅವರನ್ನ ಗೋಡೆ ಕಡೆ ಹಾಕಿದೀನಿ.”

“ಮತ್ತೆ ನಾನು?” ಎಂದು ಕೇಳಿದ್ದ, ಕೇಳಬಾರದೆಂದುಕೊಂಡೂ.

“ನಿಮ್ದು ಗೇಟಿನ ತನಕ ಕೇಳುತ್ತೆ ಸರ್. ಬೋರ್ಡ್ ಮೇಲೆ ನಿಮ್ಮ ಉತ್ತರವೇ ತಪ್ಪಾದಾಗ ಮಾತ್ರ ಮೆಲ್ಲಗಾಗ್ತೀರಿ.”

ಮೂರು ದಿನ ಆ ಬಟ್ಟೆಯಲ್ಲಿ ತಪ್ಪು ಹುಡುಕಿದ. ಒಂಬತ್ತು ತರಗತಿ, ದಿನಕ್ಕೆ ಆರು ಅವಧಿ, ಯಾವ ಎರಡು ಉದ್ದ ಹೊಲಿಗೆಯೂ ಅಕ್ಕಪಕ್ಕ ಬಂದಿರಲಿಲ್ಲ. ಯಾವ ಮೇಷ್ಟರೂ ಒಂದೇ ಹೊತ್ತಿಗೆ ಎರಡು ಕಡೆ ಇರಲಿಲ್ಲ. ಅವನು ವೇಳಾಪಟ್ಟಿ ಮಾಡಿದ ವರ್ಷಗಳಲ್ಲಿ ಒಂದಾದರೂ ಗೋಜಲು ಇಲ್ಲದೆ ಮುಗಿದದ್ದಿಲ್ಲ, ಆಗಸ್ಟಿನ ತನಕ ಅಳಿಸಿ ಬರೆಯುವುದೇ ಕೆಲಸ. ಇದನ್ನು ಆ ಹೆಂಗಸು ಸೂಜಿ ಹಿಡಿದು ಹನ್ನೆರಡು ದಿನದಲ್ಲಿ ಮುಗಿಸಿದ್ದರು. ಸಿಕ್ಕ ತೊಡಕು ಒಂದೇ. ಮೂರನೇ ಅವಧಿಗೆ ನಡುಮಧ್ಯದ ಚೌಕದಲ್ಲಿ, ಒಂದು ಕಡೆ ಯುದ್ಧ, ಇನ್ನೊಂದು ಕಡೆ ಪದ್ಯ, ಹಿಂದೆ ವಿಜ್ಞಾನ. ಅಲ್ಲಿ ಕೂತವರು ತುಟಿಪಿಟಕ್ಕೆನ್ನದೆ ಇರಬೇಕು, ಇಲ್ಲದಿದ್ದರೆ ಮೂರೂ ಕಲಸಿಹೋಗುತ್ತದೆ. ಅಲ್ಲಿಗೆ ಅವನ ನೀಲಿ ದಾರವನ್ನು, ಎಂದೂ ಇಲ್ಲದಷ್ಟು ಗಿಡ್ಡ ಗಿಡ್ಡ ಹೊಲಿಗೆಯಲ್ಲಿ, ಹಾಕಿದ್ದರು. ಆ ಬಟ್ಟೆಯ ಪ್ರಕಾರ ಪಾಠ ನಡೆಯುವುದು ಇವತ್ತೇ ಮೊದಲು.

ಗಂಟೆಯಿಲ್ಲದ ಶಾಲೆ. ನಡುಗಂಬದ ಬಳಿ ಸ್ಟೂಲಿನ ಮೇಲೆ ನಿಂತು ಹೊಲಿಗೆ ಮೇಡಂ ಒಂದು ಕೆಂಪು ಬಟ್ಟೆ ಎತ್ತಿದರೆ ಅವಧಿ ಮುಗಿದಂತೆ. ಎರಡನೇ ಸಲ ಕೆಂಪು ಬಟ್ಟೆ ಏಳುವ ಮೊದಲೇ ಅಧಿಕಾರಿ ಬಂದರು. ಹೊರಗೆ ಮೇಜಿನ ಬಳಿ ಹೆಡ್ ಮೇಡಂ ಅವರನ್ನು ಕೂರಿಸಿ ಅವನನ್ನು ಕರೆಸಿದರು. ದಪ್ಪ ಮನುಷ್ಯ, ಕೆಟ್ಟವರೇನಲ್ಲ, ಹಿಂದಿನ ರಾತ್ರಿ ನಿದ್ದೆ ಸಾಲದವರ ಕಣ್ಣು. ಅವನ ಕೈ ಹಿಡಿದು ಕುಲುಕಿದರು.

“ನಿಮ್ಮ ಪಟ್ಟಿ ಇದೆಯಲ್ಲ ಸರ್, ಅಂಥ ಪಟ್ಟಿ ನಾನು ಸರ್ವೀಸಿನಲ್ಲೇ ನೋಡಿಲ್ಲ. ಮೇಲಿನವರಿಗೂ ತೋರಿಸ್ದೆ. ಏಳು ಶಾಲೆಗೂ ಸಮ ಸಮ! ಸೋಮವಾರದಿಂದಲೇ ಮಕ್ಕಳನ್ನ ಕಳಿಸಿಬಿಡೋಣ ಅಂತಿದೀನಿ. ಇಲ್ಲಿ ಬಂದಿರೋದು ಹೆಡ್ ಮೇಡಂ ಮಾತಿಗೆ ಬೆಲೆ ಕೊಟ್ಟು. ಗೋದಾಮಲ್ಲಿ ಶಾಲೆ ನಡೆಯುತ್ತಾ, ನೀವೇ ಹೇಳಿ.”

ಹೇಳಬೇಕಿತ್ತು. ಹೆಡ್ ಮೇಡಂ ಅವನನ್ನೇ ನೋಡುತ್ತಿದ್ದರು. “ಒಂದು ಸಲ ಒಳಗೆ ಬಂದು ನೋಡಿ ಸರ್” ಎಂದಷ್ಟೇ ಅವನ ಬಾಯಿಂದ ಹೊರಟಿತು. ಹೊಗಳಿಕೆ ಇನ್ನೂ ಮೈಯಲ್ಲಿ ಬೆಚ್ಚಗಿತ್ತು, ಥೂ, ಇಷ್ಟು ವಯಸ್ಸಾದರೂ ಎರಡು ಒಳ್ಳೆಯ ಮಾತಿಗೆ ಕರಗುವ ತನ್ನ ಮೇಲೆ ಅವನಿಗೆ ಅಸಹ್ಯವಾಯಿತು.

ಕೆಂಪು ಬಟ್ಟೆ ಎದ್ದಿತು. ಮೂರನೇ ಅವಧಿ. ಎಂಟನೇ ಬಿ. ನಲವತ್ತೆರಡು ಮಕ್ಕಳು ಬರಿಗಾಲಲ್ಲಿ ಬಂದು ಚಾಪೆಯ ಮೇಲೆ ಕೂತರು. ಎರಡನೇ ಸಾಲಿನಲ್ಲಿ ಆ ಅವಳಿಗಳು, ಒಂದೇ ಮುಖ, ಒಂದೇ ಜಡೆ, ಒಬ್ಬಳ ಗಲ್ಲದ ಮೇಲೆ ಗಾಯದ ಗುರುತು ಇಲ್ಲದಿದ್ದರೆ ಯಾರು ಯಾರೆಂದು ತಿಳಿಯದು. ‘ಕೂತ್ಕೊಳ್ಳಿ’ ಎನ್ನಲು ಬಾಯಿ ತೆರೆದವನು ಮುಚ್ಚಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು, ಎಷ್ಟು ಹೊತ್ತು ತಡೆದಾನು ಎಂದು ಪಣ ಕಟ್ಟಿದವರ ಹಾಗೆ. ಕೆಲಸಕ್ಕೆ ಸೇರಿದ ಮೊದಲ ದಿನ ಹೀಗೇ ನಿಂತಿದ್ದ. ಆಗ ಅವನ ದನಿ ಸಣ್ಣದು, ಕೊನೆಯ ಬೆಂಚಿನಿಂದ ಯಾರೋ “ಕೇಳಿಸ್ತಿಲ್ಲ ಸಾರ್” ಅಂದರು, ಅವನು ಇನ್ನೊಮ್ಮೆ ಹೇಳಿದ, “ಇನ್ನೂ ಕೇಳಿಸ್ತಿಲ್ಲ” ಅಂದರು, ಇಡೀ ತರಗತಿ ನಕ್ಕಿತು. ಸೋದರಮಾವ ಅವನನ್ನು ಊರಾಚೆ ಕರೆದುಕೊಂಡು ಹೋಗಿ, ಆ ತುದಿಯಲ್ಲಿ ತಾನು ನಿಂತು, ಈ ತುದಿಯಿಂದ ಮಗ್ಗಿ ಕೂಗಿಸಿದ್ದ. ಎರಡು ತಿಂಗಳು. ಅಂದಿನಿಂದ ಅವನು ಮೆಲ್ಲಗೆ ಮಾತಾಡಿದ್ದಿಲ್ಲ, ಹೆಂಡತಿಗೆ ಜ್ವರ ಬಂದಾಗಲೂ ‘ಹೇಗಿದೀಯ’ ಎಂದು ಕೂಗಿಯೇ ಕೇಳಿದ್ದ. ಸುಮ್ಮನಾದರೆ ನಗುತ್ತಾರೆ ಎಂಬ ಹೆದರಿಕೆ ಇಪ್ಪತ್ತಾರು ವರ್ಷವಾದರೂ ಹೋಗಿರಲಿಲ್ಲ.

ಸೀಮೆಸುಣ್ಣ ತೆಗೆದುಕೊಂಡು ಒಂದು ತ್ರಿಕೋನ ಬರೆದ. ಆಮೇಲೆ ಒಂದು ಹಾಳೆಯಲ್ಲಿ ಅಂಥದ್ದೇ ತ್ರಿಕೋನ ಕತ್ತರಿಸಿ ಮೇಲೆತ್ತಿ ತೋರಿಸಿದ. ಅದರ ಮೂರು ಮೂಲೆಗಳನ್ನೂ ಹರಿದ. ಹರಿದ ಮೂರು ಚೂರುಗಳ ಚೂಪು ತುದಿಗಳನ್ನು ಹಲಗೆಯ ಮೇಲೆ ಒಂದಕ್ಕೊಂದು ತಾಗಿಸಿ ಅಂಟಿಸಿದ. ಕೆಳಗೆ ನೇರವಾದ ಒಂದು ಗೆರೆ ಬಂತು. ಮಕ್ಕಳು ಬಾಯಿ ತೆರೆದರು, ಸದ್ದು ಮಾಡಲಿಲ್ಲ. ‘ನೀವೂ ಮಾಡಿ’ ಎಂದು ಕೈಸನ್ನೆ ಮಾಡಿದ. ಯಾರ ತ್ರಿಕೋನವೂ ಇನ್ನೊಬ್ಬರದರಂತೆ ಇರಲಿಲ್ಲ, ಮೊಂಡು, ಚೂಪು, ಉದ್ದ, ಆದರೆ ಹರಿದು ಜೋಡಿಸಿದರೆ ಎಲ್ಲರಿಗೂ ಅದೇ ನೇರ ಗೆರೆ. ನಲವತ್ತೆರಡು ಹಾಳೆಗಳು ಹರಿಯುವ ಸಣ್ಣ ಸದ್ದು ಚಾಪೆಯಿಂದ ಎದ್ದಿತು. ಇದನ್ನು ಅವನು ಪ್ರತಿ ವರ್ಷ ಕೂಗಿ ಕೂಗಿ ಹೇಳುತ್ತಿದ್ದ, ‘ಮೂರು ಕೋನ ಕೂಡಿದರೆ ನೂರೆಂಬತ್ತು, ಹೇಳ್ರೋ ಎಷ್ಟು?’ ಎಂದು. ಇವತ್ತು ಯಾರೂ ಹೇಳಲಿಲ್ಲ, ಎಲ್ಲರೂ ನೋಡಿದರು.

ಕೈ ಖಾಲಿಯಾಗಿ ನಿಂತಾಗ ಕಿವಿ ತೆರೆದುಕೊಂಡಿತು. ಎಡಗಡೆ ಇತಿಹಾಸದವರು ಕೋಟೆಗೆ ಲಗ್ಗೆ ಹಾಕುತ್ತಿದ್ದರು. ಪರದೆಯಾಚೆಯಿಂದ ಬರುವಾಗ ಆ ಯುದ್ಧ ಬಹಳ ದೂರದ್ದಾಗಿ, ಬಹಳ ಹಿಂದಿನದಾಗಿ ಕೇಳುತ್ತಿತ್ತು. ಬಲಗಡೆ ಹೊಸ ಮಿಸ್ ಪದ್ಯ ಹೇಳುತ್ತಿದ್ದರು. ಇಷ್ಟು ಚೆನ್ನಾಗಿ ಹೇಳುತ್ತಾರೆಂದು ಅವನಿಗೆ ಗೊತ್ತೇ ಇರಲಿಲ್ಲ, ಎರಡು ವರ್ಷ ಪಕ್ಕದ ಕೋಣೆಯಲ್ಲೇ ಇದ್ದರು. ಪದ್ಯಕ್ಕೆ ಯುದ್ಧ ತಾಗುತ್ತಿರಲಿಲ್ಲ, ಏಕೆಂದರೆ ನಡುವೆ ಇವನ ಮೌನ ಇತ್ತು. ಈ ಶಾಲೆಗೆ ಇಷ್ಟೊಂದು ದನಿಗಳಿವೆ, ಆ ಹೆಂಗಸು ಮೆಟ್ಟಿಲ ಕೆಳಗೆ ಕೂತು ವರ್ಷಗಟ್ಟಲೆ ಕೇಳಿಸಿಕೊಂಡು, ಒಂದಕ್ಕೂ ಬೇಸರಿಸದೆ, ಒಂದನ್ನೂ ಮರೆಯದೆ, ಎಲ್ಲರಿಗೂ ಜಾಗ ಮಾಡಿದ್ದಾರೆ. ಅವನಿಗೆ ಅವರ ಮೇಲೆ ಗೌರವ ಉಕ್ಕಿ ಬಂತು, ಕಣ್ಣು ತೇವವಾಯಿತು, ಮಕ್ಕಳು ನೋಡುತ್ತಾರೆಂದು ಹಲಗೆ ಕಡೆ ತಿರುಗಿ ಸುಮ್ಮನೆ ತ್ರಿಕೋನದ ಗೆರೆಯನ್ನು ಇನ್ನೊಮ್ಮೆ ತಿದ್ದಿದ. ತಿದ್ದುತ್ತಾ ಇದ್ದ ಹಾಗೆ ಕೈ ನಿಂತಿತು. ನೀಲಿ ತನ್ನದು. ಹಸಿರು ವಿಜ್ಞಾನ. ಕಂದು ಇತಿಹಾಸ. ಹಳದಿ, ನೇರಳೆ, ಕಪ್ಪು. ಹೊಲಿಗೆಯದು ಯಾವ ಬಣ್ಣ? ಸೋಮವಾರದಿಂದ ಶನಿವಾರದ ತನಕ ಒಂದೊಂದೇ ಚೌಕವನ್ನು ನೆನಪಿನಲ್ಲಿ ತೆರೆದು ನೋಡಿದ. ಇರಲಿಲ್ಲ. ಎಲ್ಲರಿಗೂ ಜಾಗ ಮಾಡಿದವರು ತಮಗೆ ಒಂದು ಚೌಕವನ್ನೂ ಇಟ್ಟುಕೊಂಡಿರಲಿಲ್ಲ. ಮೂರು ದಿನ ತಪ್ಪು ಹುಡುಕಿದವನಿಗೆ ಅದು ಕಂಡಿರಲಿಲ್ಲ, ಏಕೆಂದರೆ ಅವರು ಇಲ್ಲದಿರುವುದು ಅವನಿಗೆ ತಪ್ಪಾಗಿ ಕಾಣುವಂಥದ್ದೇ ಆಗಿರಲಿಲ್ಲ. ಸದ್ದಿಲ್ಲದ ತರಗತಿ ಬೇಕಾದ ಈ ನಡುಚೌಕಕ್ಕೆ ಕೈಹೊಲಿಗೆಗಿಂತ ಒಪ್ಪುವುದು ಯಾವುದಿತ್ತು? ತಾನು ನಿಂತಿರುವುದು ಅವರ ಜಾಗದಲ್ಲಿ. ಕಂಬದ ಕಡೆ ನೋಡಿದ. ಅವರು ಸ್ಟೂಲಿನ ಪಕ್ಕ ನಿಂತು, ಕೆಂಪು ಬಟ್ಟೆ ಮಡಿಸಿ ಹಿಡಿದು, ಗಡಿಯಾರ ನೋಡುತ್ತಿದ್ದರು.

ಅಷ್ಟರಲ್ಲಿ ಬೂಟಿನ ಸದ್ದು. ಅಧಿಕಾರಿಗೆ ಬೂಟು ಬಿಚ್ಚಿ ಎನ್ನಲು ಹೆಡ್ ಮೇಡಂಗೆ ಬಾಯಿ ಬಂದಿರಲಿಕ್ಕಿಲ್ಲ. ಎಲ್ಲ ಕಡೆ ಸುತ್ತಿ, ಪರದೆಗಳನ್ನು ಮುಟ್ಟಿ ನೋಡಿ, ನೇರ ನಡುಚೌಕಕ್ಕೆ ಬಂದು ನಿಂತು, ಮೈದಾನದಲ್ಲಿ ಮಾತಾಡುವವರ ಹಾಗೆ, “ಏನ್ ಸರ್, ಸುಮ್ಮನೆ ನಿಂತುಬಿಟ್ರಿ? ಇಲ್ಲಿ ಪಾಠ ಮಾಡಕ್ಕಾಗುತ್ತೋ ಇಲ್ವೋ? ನಿಮ್ಮ ಪಟ್ಟಿನೇ ಜಾರಿ ಮಾಡೋಣ್ವಾ?” ಎಂದರು. ಬಲಗಡೆ ಪದ್ಯ ತಟ್ಟನೆ ನಿಂತಿತು. ಹೊಸ ಮಿಸ್‌ನ ದನಿ ಒಡೆದಿತ್ತು.

ನಲವತ್ತೆರಡು ಜೋಡಿ ಕಣ್ಣು ಅವನ ಮೇಲೆ. ಅವನು ಹಲಗೆಯ ಕಡೆ ತಿರುಗಿ ದೊಡ್ಡ ಅಕ್ಷರದಲ್ಲಿ ಬರೆದ: ‘ದಯವಿಟ್ಟು ಮೆಲ್ಲಗೆ ಮಾತಾಡಿ. ಪಾಠ ನಡೆಯುತ್ತಿದೆ.’

ಮೊದಲ ಸಾಲಿನಲ್ಲಿ ಯಾರೋ ಉಸಿರು ಎಳೆದುಕೊಂಡರು. ಹೆಡ್ ಮೇಡಂ ಹಣೆಗೆ ಕೈ ಹಚ್ಚಿದರು. ಅಧಿಕಾರಿಯ ಮುಖ ಕೆಂಪಾಯಿತು, ಕುತ್ತಿಗೆಯ ತನಕ. ಎರಡು ಸಲ ಓದಿದರು. ಆಮೇಲೆ ಬೂಟಿನ ತುದಿಯಲ್ಲಿ ಎರಡು ಹೆಜ್ಜೆ ಹತ್ತಿರ ಬಂದು, ಪಿಸುಗುಟ್ಟಿದರು. “ಪಟ್ಟಿ ಏನ್ ಮಾಡ್ಲಿ?”

ಅವನು ಹಲಗೆಯ ಮೇಲೆ ೫೪ ಎಂದು ಬರೆದ, ಪಕ್ಕದಲ್ಲಿ ೫೫ ಎಂದು ಬರೆದ, ಎರಡರ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಗೀಟು ಎಳೆದ. ಪಟ್ಟಿಯನ್ನು ಹಳೆಯ ಶಾಲೆಯ ಗೇಟಿಗೆ ಅಂಟಿಸಿದ ದಿನ ಪ್ರತಿ ಮಗುವೂ ತನ್ನ ಸಂಖ್ಯೆ ಓದಿಕೊಂಡಿತ್ತು. ಯಾರೂ ಕರೆಯದೆ ಎರಡನೇ ಸಾಲಿನಲ್ಲಿ ಅವಳಿಗಳು ಎದ್ದು ನಿಂತರು. ಅಧಿಕಾರಿ ಒಬ್ಬಳ ಮುಖ ನೋಡಿದರು, ಇನ್ನೊಬ್ಬಳ ಮುಖ ನೋಡಿದರು, ಹಲಗೆ ನೋಡಿದರು. ಅವನು ಗಂಟಲಲ್ಲಿ ಉಳಿದಿದ್ದ ಸಣ್ಣ ದನಿಯಲ್ಲಿ, ಮೊದಲ ದಿನ ಯಾರಿಗೂ ಕೇಳಿಸದಿದ್ದ ಆ ದನಿಯಲ್ಲಿ, “ನಂದು ತಪ್ಪು ಪಟ್ಟಿ ಸರ್. ಶೇಷ ಬರಲಿಲ್ಲ ಅಂತ ಸರಿ ಅಂದ್ಕೊಂಡೆ” ಎಂದ. ಕೇಳಿಸಿತು. ಬಲಗಡೆ ಹೊಸ ಮಿಸ್ ಪದ್ಯವನ್ನು ಬಿಟ್ಟ ಸಾಲಿನಿಂದ ಮತ್ತೆ ಎತ್ತಿಕೊಂಡರು. ಅಧಿಕಾರಿ ಅಲ್ಲೇ ನಿಂತು ಅದು ಮುಗಿಯುವ ತನಕ ಕೇಳಿದರು.

ಹೊರಗೆ ಬಂದ ಮೇಲೂ ಅವರು ದನಿ ಏರಿಸಲಿಲ್ಲ. “ಒಂದು ವರ್ಷ. ಅಷ್ಟರಲ್ಲಿ ಕಟ್ಟಡಕ್ಕೆ ಏನಾದ್ರೂ ಮಾಡ್ತೀನಿ. ವೇಳಾಪಟ್ಟಿ ಕಾಗದದ ಮೇಲೆ ಬರೆದು ಸಂಜೆಯೊಳಗೆ ಕಳಿಸಿ. ಬೆಡ್‌ಶೀಟ್ ಕಳಿಸಬೇಡಿ, ಮೇಲಿನವರು ನನ್ನನ್ನ ಮನೆಗೆ ಕಳಿಸ್ತಾರೆ.” ಹೆಡ್ ಮೇಡಂ ಅಳುತ್ತಾ ನಕ್ಕರು. ಒಳಗೆ ಮಕ್ಕಳಿಗೆ ಹೇಗೋ ಸುದ್ದಿ ತಿಳಿದು, ಮುನ್ನೂರ ಎಪ್ಪತ್ತೆಂಟು ಜನ ಎದ್ದು ನಿಂತು ಎರಡೂ ಕೈ ಮೇಲೆತ್ತಿ ಗಾಳಿಯಲ್ಲಿ ಆಡಿಸಿದರು. ಒಬ್ಬರೂ ಕೂಗಲಿಲ್ಲ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೇಜಿನ ಮೇಲೆ ದೊಡ್ಡ ಹಾಳೆ ಹಾಸಿ ಅವನು ನಕಲು ಮಾಡಲು ಕೂತ. ಎದುರಿಗೆ ಹೊಲಿಗೆ ಮೇಡಂ ಬೆಡ್‌ಶೀಟಿನ ಸಾಲುಗಳನ್ನು ಒಂದೊಂದಾಗಿ ಓದಿ ಹೇಳುತ್ತಿದ್ದರು. ನೀಲಿ ಪೆನ್ನಿನಲ್ಲಿ ಸೋಮವಾರ ಮುಗಿಯಿತು, ಮಂಗಳವಾರ ಮುಗಿಯಿತು. ಮೂರನೇ ಅವಧಿಯ ನಡುಚೌಕದಲ್ಲಿ ತನ್ನ ನೀಲಿ ದಾರ ಬಂದಾಗಲೆಲ್ಲ ಅವನು ‘ಆಮೇಲೆ’ ಎಂದು ಖಾಲಿ ಬಿಡುತ್ತಿದ್ದ. ಶನಿವಾರವೂ ಮುಗಿದ ಮೇಲೆ ಆ ಖಾಲಿ ಚೌಕಗಳಿಗೆ ವಾಪಸು ಬಂದು ಸೋಮವಾರದಿಂದ ಶುಕ್ರವಾರದ ತನಕ ಐದರಲ್ಲೂ ‘ಹೊಲಿಗೆ’ ಎಂದು ಬರೆಯತೊಡಗಿದ. ಅವರು ಕನ್ನಡಕ ಮೂಗಿಗಿಳಿಸಿ ಬಗ್ಗಿ ನೋಡಿದರು.

“ಅದು ನಿಮ್ಮ ಜಾಗ ಅಲ್ವಾ ಸರ್?”

“ಅಲ್ಲ. ನಿಮ್ಮನ್ನ ನೀವು ಹಾಕ್ಕೊಂಡೇ ಇಲ್ಲ ಮೇಡಂ.”

“ಮಿಷನ್ ಸದ್ದಾಗುತ್ತೆ ಅಂತ ಬಿಟ್ಟೆ.”

“ಕೈಹೊಲಿಗೆಗೆ ಎಲ್ಲಿ ಸದ್ದು?”

ಆ ಪ್ರಶ್ನೆ ಅವರಿಗೂ ಹೊಸದೆಂಬಂತೆ ಬೆಡ್‌ಶೀಟಿನ ಅಂಚನ್ನು ಬೆರಳಲ್ಲಿ ನೀವಿದರು. “ಮತ್ತೆ ನಿಮ್ಮ ಗಣಿತ?”

“ಬೆಳಿಗ್ಗೆ ಶಾಲೆ ಶುರುವಾಗೋಕೆ ಮುಂಚೆ, ಆಚೆ ಮರದ ಕೆಳಗೆ. ಅಲ್ಲಿ ಎಷ್ಟು ಬೇಕಾದ್ರೂ ಕೂಗಬಹುದು.”

ಅವರು ನಕ್ಕರು. ಆಮೇಲೆ ಚೌಕಗಳನ್ನು ಬೆರಳಿಟ್ಟು ಎಣಿಸಿದರು. “ವಾರಕ್ಕೆ ಐದಾ?”

“ಐದು.”

“ಮೊದಲು ಎಷ್ಟಿತ್ತು ಸರ್ ನಂದು?”

ಗೊತ್ತಿದ್ದೇ ಕೇಳುತ್ತಿದ್ದರು. ತನ್ನ ಬಾಯಿಂದ ಬರಲಿ ಎಂದು ಕೇಳುತ್ತಿದ್ದರು. “ಒಂದು” ಎಂದ.

“ಅದನ್ನೂ ನೀವೇ ತಗೋತಿದ್ರಿ.”

“ಹೌದು ಮೇಡಂ.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳತೆ ಹೇಳುವಾಗ ಇರುವ ದನಿ ಅದು. “ಹಾಗಾದ್ರೆ ಇದನ್ನಾದ್ರೂ ಪೆನ್ನಲ್ಲಿ ಬರೀರಿ ಸರ್. ಎಲ್ಲರದ್ದೂ ಪೆನ್ನಲ್ಲಿ ಬರೆದು, ನಂದು ಮಾತ್ರ ಹತ್ತೊಂಬತ್ತು ವರ್ಷ ಪೆನ್ಸಿಲ್‌ನಲ್ಲಿ ಬರೆದಿದೀರಿ.”

ಅವನು ತನ್ನ ಕೈ ನೋಡಿಕೊಂಡ. ನೀಲಿ ಪೆನ್ನು ಮುಚ್ಚಳ ಹಾಕಿಸಿಕೊಂಡು ಮೇಜಿನ ಮೇಲಿತ್ತು. ಬೆರಳುಗಳ ನಡುವೆ ಇದ್ದದ್ದು ಪೆನ್ಸಿಲ್.